ಶಿಗ್ಗಾಂವಿಗೆ ಹೋದ ನನ್ನ ಪದಗಳು

ನನ್ನ ಗಂಡ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಬೈದಲ್ಲ, ಜಗಳ ತೆಗೆದಲ್ಲ. "ನಿನಗ ಇನ್ನರ ಆರಾಮ ಆಗ್ಲಿ" ಅಂತ ಹೇಳಿ ಎಬ್ಬಿಸಿದರು. ಬೈದಿದ್ದರೆ ನಾನೂ ನಾಲ್ಕು ಮಾತು ಅನ್ನುತ್ತಿದ್ದೆ, ನನ್ನ ಬಾಯಿಯೇನು ಕಡಿಮೆಯದಲ್ಲ. ಆದರೆ ಆರಾಮ ಎಂಬ ಮಾತಿಗೆ ಎದುರು ಏನು ಹೇಳುವುದು? ಹೇಳಲಾಗದ್ದಕ್ಕೇ ಆ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ.

ಹಾನಗಲ್ಲಿನಲ್ಲಿ ನಮ್ಮದೊಂದು ಟೈಪಿಂಗ್ ಅಂಗಡಿ ಇತ್ತು. ತಹಶೀಲ್ದಾರ ಕಚೇರಿಗೂ ಬಸ್ ನಿಲ್ದಾಣಕ್ಕೂ ನಡುವೆ, ಒಂದೇ ಶಟರಿನ ಮಳಿಗೆ. ಖರೀದಿಪತ್ರ, ಅಣ್ಣತಮ್ಮಂದಿರು ಹೊಲಮನೆ ಪಾಲು ಮಾಡಿಕೊಳ್ಳುವ ವಾಟ್ನಿಪತ್ರ, ಕಚೇರಿಗೆ ಕೊಡುವ ಅರ್ಜಿ, ಸುಗ್ಗಿ ಮುಗಿದ ಮೇಲೆ ಲಗ್ನಪತ್ರಿಕೆ. ಗಿರಾಕಿಗಳನ್ನು ಮಾತಾಡಿಸುವುದು, ಝೆರಾಕ್ಸ್ ತೆಗೆಯುವುದು, ಗಲ್ಲಾ ನೋಡಿಕೊಳ್ಳುವುದು ನನ್ನ ಗಂಡನ ಕೆಲಸ. ಕಂಪ್ಯೂಟರು ನನ್ನದು. ಅವರಿಗೆ ಕನ್ನಡ ಟೈಪಿಂಗ್ ಬರುವುದಿಲ್ಲ, ಎರಡು ಬೆರಳಿನಲ್ಲಿ ಒಂದು ಸಾಲು ಹೊಡೆಯುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ಅಡುಗೆ ಮುಗಿಸಿ, ಡಬ್ಬಿ ಕಟ್ಟಿಕೊಂಡು, ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂತೆನೆಂದರೆ ಹೊರಗಿನ ಬಿಸಿಲು, ಮಳೆ ನನಗೆ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ನಾನು ಸೊಸೆ, ಹೆಂಡತಿ, ಅವ್ವ. ಅಂಗಡಿಯಲ್ಲಿ ಮಾತ್ರ ಎಲ್ಲರಿಗೂ ಅಕ್ಕಾರ. "ಅಕ್ಕಾರ ಅದಾರೇನ್ರಿ?" ಅಂತ ಕೇಳಿಕೊಂಡು ಬಾಗಿಲಿಗೆ ಬಂದವರು, ನಾನಿಲ್ಲ ಅಂದರೆ ನಾಳೆ ಬರ್ತೇವಿ ಅಂತ ತಿರುಗಿ ಹೋಗುತ್ತಿದ್ದರು.

ನಮ್ಮ ಕಡೆ ಗಿರಾಕಿ ಎದುರಿಗೆ ಕೂರುವುದಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಭುಜದ ಪಕ್ಕ ಕೂತು ಪರದೆಯನ್ನೇ ನೋಡುತ್ತಾರೆ. ಓದು ಬರದವರೂ ನೋಡುತ್ತಾರೆ. ಹಳೆಯ ಫಾಂಟು ಬಿಟ್ಟು ಯೂನಿಕೋಡಿಗೆ ಬಂದ ಮೇಲೆ, ಕಂಪ್ಯೂಟರು ತನಗೆ ಗೊತ್ತಿಲ್ಲದ ಪದದ ಕೆಳಗೆ ಕೆಂಪು ಗೆರೆ ಎಳೆಯುವುದಕ್ಕೆ ಶುರು ಮಾಡಿತು. ಅದಕ್ಕೆ ಬೆಂಗಳೂರು ಗೊತ್ತು, ಮೈಸೂರು ಗೊತ್ತು. ಅಕ್ಕಿಆಲೂರು ಗೊತ್ತಿಲ್ಲ, ತಡಸ ಗೊತ್ತಿಲ್ಲ, ನಮ್ಮ ಜನರ ಮನೆತನದ ಅಡ್ಡಹೆಸರುಗಳಂತೂ ಒಂದೂ ಗೊತ್ತಿಲ್ಲ. ಮೊದಲ ಸಲ ಒಬ್ಬ ಅವ್ವ ತನ್ನ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದವಳು, ಮದುಮಗಳ ಹೆಸರಿನ ಕೆಳಗೆ ಆ ಗೆರೆ ಕಂಡು ಸ್ಟೂಲಿನಿಂದ ಎದ್ದೇಬಿಟ್ಟಳು.

"ಯವ್ವಾ, ಇದೇನ್ರಿ ಅಕ್ಕಾರ? ಬದುಕಿ ಬಾಳೋ ಹುಡುಗಿ ಹೆಸರಿನ ಬುಡಕ ಕೆಂಪು ಗೆರಿ ಎಳದೀರಲ್ಲ!"

ಅದು ಮುದ್ರಣಕ್ಕೆ ಬರುವುದಿಲ್ಲ, ಪರದೆಯ ಮೇಲೆ ಮಾತ್ರ ಎಂದು ಹೇಳಿದೆ. ಅವಳು ಕೇಳಲಿಲ್ಲ. ಕಚೇರಿಯ ಪಟ್ಟಿಗಳಲ್ಲಿ ತೀರಿಕೊಂಡವರ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದನ್ನು ಕಂಡ ಜನ ಅವರು, ಅವರಿಗೆ ಕೆಂಪು ಗೆರೆ ಎಂದರೆ ಅದೇ. ಕೊನೆಗೆ ಆ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪದಕೋಶಕ್ಕೆ ಸೇರಿಸು ಎಂಬಲ್ಲಿ ಕ್ಲಿಕ್ ಮಾಡಿದೆ. ಗೆರೆ ಹೋಯಿತು. ಅವಳು ಮತ್ತೆ ಕೂತಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಅದೇ ರೂಢಿಯಾಯಿತು. ಹೆಸರು ಹೊಡೆದ ಕೂಡಲೇ ಗಿರಾಕಿಯ ಕಣ್ಣ ಮುಂದೆಯೇ ಗೆರೆ ತೆಗೆಯಬೇಕು, ಆಮೇಲೆ ಮುಂದಿನ ಮಾತು.

ಎಂಥೆಂಥವರು ಬಂದರು ಅಂತೀರಿ. ಹೊಲದ ವಾಟ್ನಿಪತ್ರಕ್ಕೆ ಬಂದ ಒಬ್ಬ ಯಜಮಾನರು ತಮ್ಮ ಅಪ್ಪನ ಹೆಸರಿನ ಕೆಳಗಿನ ಗೆರೆ ನೋಡಿ, "ಇದ ಇರ್ಲಿ ಬಿಡ್ರಿ, ಅವರು ತೀರಿಕೊಂಡಾರ" ಅಂದರು. ಆದರೆ ಅವರ ಮಗನಿಗೂ ಅಜ್ಜನ ಹೆಸರನ್ನೇ ಇಟ್ಟಿದ್ದರು. ಮೊಮ್ಮಗನ ಹೆಸರಿನ ಗೆರೆ ತೆಗೆದ ಕೂಡಲೇ ಮೇಲೆ ಅಜ್ಜನದೂ ಹೋಯಿತು. ಯಜಮಾನರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ತೊಡೆ ತಟ್ಟಿಕೊಂಡು ನಕ್ಕರು. ಅಂಗಡಿ ತುಂಬ ಪೇಡೆ ಹಂಚಿ ಹೋದರು. ಹೀಗೆ ವರ್ಷಗಟ್ಟಲೆ ಸೇರಿಸುತ್ತ ಹೋದೆ. ಊರ ಹೆಸರು, ಮನೆತನದ ಹೆಸರು, ಹೊಲಗಳಿಗೆ ಇಟ್ಟ ಹೆಸರು, ಕಚೇರಿಯವರು ಬಳಸುವ ಮರಾಠಿ ಉರ್ದು ಪದಗಳು. "ನಿಮ್ಮ ಕಂಪ್ಯೂಟರಿಗೆ ನಾವು ಗೊತ್ತದೇವಿ, ಬ್ಯಾರೇದವರದಕ್ಕ ಗೊತ್ತಿಲ್ರಿ" ಅಂತ ಜನ ಬರತೊಡಗಿದರು. ಅದು ಕಂಪ್ಯೂಟರಿಗೆ ಬಂದ ಮರ್ಯಾದೆಯೇ ಇರಬಹುದು. ನಾನಂತೂ ಅದನ್ನು ನನ್ನದು ಎಂದೇ ತಿಳಿದಿದ್ದೆ.

ನನ್ನ ಗಂಡ ಶಿಗ್ಗಾಂವಿಯಲ್ಲಿ ಹೊಸ ಅಂಗಡಿ ಹಾಕುವ ಮಾತು ತೆಗೆದದ್ದು ಊಟಕ್ಕೆ ಕೂತಾಗ. ಅಲ್ಲಿ ರಸ್ತೆ ದೊಡ್ಡದು, ಹುಬ್ಬಳ್ಳಿಗೆ ಹೋಗುವವರೆಲ್ಲ ಇಳಿಯುತ್ತಾರೆ, ಒಳ್ಳೆಯ ಮಳಿಗೆ ಸಿಕ್ಕಿದೆ ಎಂದರು.

"ಅಲ್ಲೆ ಕುಂದ್ರೋರು ಯಾರ್ರಿ?" ಎಂದೆ.

"ನೀನ ಮತ್ತ. ನಿನ್ನ ಬಿಟ್ರ ಯಾರಿಗೆ ಬರ್ತದ? ತಿರಗೋ ಕುರ್ಚಿ ತರಸ್ತೇನಿ ನಿನಗ. ಹಾನಗಲ್ಲಿನ ಅಂಗಡಿಗೆ ಯಾರನ್ನರ ಇಟ್ಟರಾತು."

ಈ ಮಾತನ್ನು ನಾನು ಕನಸಿನಲ್ಲಿ ಕೇಳಿದ್ದಲ್ಲ. ಜೋಳದ ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡಿಯೇ ಹೇಳಿದರು. ನಾನು ಆ ರಾತ್ರಿಯೇ ಬಸ್ಸಿನ ಹೊತ್ತುಗಳ ಲೆಕ್ಕ ಹಾಕಿದೆ, ಅತ್ತೆಯ ಗುಳಿಗೆ ಯಾರು ಕೊಡಬೇಕು, ಹಾಲು ಯಾರು ತರಬೇಕು ಎಂದೆಲ್ಲ ಮನಸ್ಸಿನಲ್ಲೇ ಹೊಂದಿಸಿದೆ. ಹಾನಗಲ್ಲಿನ ಅಂಗಡಿಗೆ ಯಾರು ಎಂಬ ಪ್ರಶ್ನೆಗೂ ಉತ್ತರ ನಾನೇ ಹುಡುಕಿದೆ. ಹುಡುಕಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ನನ್ನ ನಾದಿನಿಯನ್ನು, ಅಂದರೆ ಗಂಡನ ತಂಗಿಯನ್ನು, ಹಿರೇಕೆರೂರಿಗೆ ಕೊಟ್ಟಿದ್ದರು. ಅಲ್ಲಿ ಬಾಳುವೆ ಆಗಲಿಲ್ಲ. ಸವಣೂರಿನ ತವರುಮನೆಗೆ ವಾಪಸು ಬಂದು ಚಿಕ್ಕಪ್ಪನವರ ಜೊತೆ ಇದ್ದಳು. ಯಾರ ಕೂಡವೂ ಮಾತಿಲ್ಲ, ಹಬ್ಬಕ್ಕೆ ಬಂದರೂ ಒಂದು ಮೂಲೆ ಹಿಡಿದು ಕೂರುವವಳು. ಅವಳನ್ನು ಕಂಡರೆ ನನಗೆ ಕರುಳು ಚುರುಕ್ ಅನ್ನುತ್ತಿತ್ತು. ನಾನೇ ಗಂಡನಿಗೆ ಹೇಳಿದೆ, ಅವಳನ್ನು ಕರೆತನ್ನಿ, ಕಲಿಸುತ್ತೇನೆ, ಹಾನಗಲ್ಲಿನ ಅಂಗಡಿ ಅವಳು ನೋಡಲಿ, ನಾನು ಶಿಗ್ಗಾಂವಿ ನೋಡುತ್ತೇನೆ ಎಂದು. ಅವರು ಬಹಳ ಹೊತ್ತು ನನ್ನನ್ನು ನೋಡಿ, "ನಿನ್ನಂಥಾಕಿ ಯಾರಿಗೂ ಸಿಗಂಗಿಲ್ಲ ಬಿಡು" ಎಂದರು. ನಾನು ಹಿರಿಹಿರಿ ಹಿಗ್ಗಿದೆ.

ನಾದಿನಿ ಬಂದಳು, ಚೆನ್ನಾಗಿಯೇ ಕಲಿತಳು. ಬೆರಳು ಚುರುಕು. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಇಬ್ಬರೂ ಊಟ ಮಾಡುತ್ತಿದ್ದೆವು. ತಿಂಗಳು ಕಳೆಯುವಷ್ಟರಲ್ಲಿ ನಗಲಿಕ್ಕೂ ಕಲಿತಳು. ಹೊತ್ತು ಹೊತ್ತಿಗೆ ನನಗೆ ಚಹಾ ತಂದುಕೊಡುತ್ತ, "ವೈನಿ, ನೀವಿರಲಿಲ್ಲಂದ್ರ ನಾ ಎಲ್ಲಿರತಿದ್ನೋ ಏನೋ" ಎನ್ನುತ್ತಿದ್ದಳು.

ಅಷ್ಟರಲ್ಲಿ ಶಿಗ್ಗಾಂವಿಯ ಅಂಗಡಿಗೆಂದು ಹೊಸ ಕಂಪ್ಯೂಟರು ಬಂತು. ಮೊದಲು ಅದನ್ನು ಹಾನಗಲ್ಲಿಗೇ ತರಿಸಿದರು, "ಹಳೇದಕ್ಕ ಗೊತ್ತಿದ್ದದ್ದೆಲ್ಲಾ ಇದಕ್ಕೂ ಗೊತ್ತಾಗಬೇಕ ನೋಡು" ಅಂತ. ಅದರಲ್ಲಿದ್ದದ್ದು ನಮ್ಮ ಹಳೆಯ ಆಫೀಸು ಪ್ರೋಗ್ರಾಮು ಅಲ್ಲ, ಪುಕ್ಕಟೆ ಸಿಗುವ ಬೇರೆಯದು. ನಾನು ಸೇರಿಸಿದ ಪದಗಳೆಲ್ಲ ಒಂದು ಫೈಲಿನಲ್ಲಿ ಇರುತ್ತವೆ ಎಂಬುದು ಗೊತ್ತಿತ್ತು. ಹುಡುಕಿದರೆ ಅದು ಬಚ್ಚಿಟ್ಟ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರಿನಲ್ಲಿ ಕೂತಿತ್ತು. ಪೆನ್‌ಡ್ರೈವಿಗೆ ಹಾಕಿಕೊಂಡು ಹೊಸದರಲ್ಲಿ ತೆಗೆದೆ. ಅಯ್ಯೋ ನನ್ನ ಕರ್ಮ. ಕನ್ನಡ ಒಂದಕ್ಷರ ಇಲ್ಲ. ಬರೀ ಪ್ರಶ್ನಾರ್ಥಕ ಚಿಹ್ನೆ, ಚೌಕಾಕಾರದ ಡಬ್ಬಿ. ಅಷ್ಟೂ ಮಂದಿ, ಅಷ್ಟೂ ಊರು, ಡಬ್ಬಿಗಳಾಗಿ ಸಾಲಾಗಿ ನಿಂತಿದ್ದವು. ನನಗೆ ನಿಜವಾಗಿ ಅಳು ಬಂತು.

ಕಂಪ್ಯೂಟರ್ ರಿಪೇರಿಯವನನ್ನು ಕೇಳಿದೆ. "ಆಗಂಗಿಲ್ರಿ, ಒಂದ ಪ್ರೋಗ್ರಾಮಿಂದು ಇನ್ನೊಂದಕ್ಕ ಹೋಗಂಗಿಲ್ಲ, ಹೊಸದಾಗಿ ಸೇರಿಸ್ಕೊಂತ ಹೋಗ್ರಿ" ಎಂದು ಕೈ ತೊಳೆದುಕೊಂಡ. ನನಗೆ ಹಟ ಬಂತು. ಹೊಸ ಪ್ರೋಗ್ರಾಮಿನಲ್ಲಿ ಸುಮ್ಮನೆ ಒಂದು ಪದ ಸೇರಿಸಿ, ಅದು ಅದನ್ನು ಎಲ್ಲಿ, ಹೇಗೆ ಬರೆದಿಡುತ್ತದೆ ಎಂದು ಹುಡುಕಿ, ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆಗೆದು ನೋಡಿದೆ. ಮೇಲೆ ಇಂಗ್ಲಿಷಿನ ಮೂರ್ನಾಲ್ಕು ಸಾಲು, ಒಂದು ಅಡ್ಡಗೀಟು, ಅದರ ಕೆಳಗೆ ಪದ. ಅಷ್ಟೇ ಅದರ ಸಂಪ್ರದಾಯ. ನಾನು ಆ ಸಾಲುಗಳನ್ನು ಹಾಗೇ ಇಟ್ಟು, ಕೆಳಗೆ ನನ್ನ ಪದಗಳನ್ನು ಹಳೆಯದರಿಂದ ತಂದು ಸುರಿದೆ. ಮತ್ತೆ ಡಬ್ಬಿ. ಸೇವ್ ಮಾಡುವಾಗ ಕೆಳಗೆ, ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಬರೆದಿಡಬೇಕೆಂದು ಆರಿಸಲು, ಎನ್‌ಕೋಡಿಂಗ್ ಎಂದೊಂದು ಜಾಗವಿದೆ, ಹಳೆಯ ಪ್ರೋಗ್ರಾಮಿಗೆ ಬೇಕಾದದ್ದು ಒಂದು, ಹೊಸದಕ್ಕೆ ಬೇಕಾದದ್ದು ಇನ್ನೊಂದು. ಅದನ್ನು ಬದಲಿಸಿ ಸೇವ್ ಮಾಡಿ, ಪ್ರೋಗ್ರಾಮು ಮುಚ್ಚಿ ಮತ್ತೆ ತೆಗೆದೆ. ಅಕ್ಕಿಆಲೂರು ಎಂದು ಹೊಡೆದೆ. ಗೆರೆ ಬರಲಿಲ್ಲ!

ನಾದಿನಿ ಚಪ್ಪಾಳೆ ತಟ್ಟಿದಳು. ಆ ಖುಷಿಯಲ್ಲಿ ನಾನು ಇನ್ನೂ ಮುಂದಕ್ಕೆ ಹೋದೆ. ಇದ್ದ ಪದಗಳನ್ನೆಲ್ಲ ಹಾನಗಲ್ಲಿನವು, ಶಿಗ್ಗಾಂವಿಯವು, ಸವಣೂರಿನವು, ಹಿರೇಕೆರೂರಿನವು ಎಂದು ನಾಲ್ಕು ತಾಲೂಕಿಗೆ ನಾಲ್ಕು ಫೈಲು ಮಾಡಿದೆ, ಕಾಳುಕಡಿಯನ್ನು ಬೇರೆಬೇರೆ ಡಬ್ಬಿಗೆ ಹಾಕಿಟ್ಟ ಹಾಗೆ. ಎರಡೆರಡು ಸಲ ಇದ್ದದ್ದನ್ನು ತೆಗೆದೆ. ಯಾವ ಮನೆತನ ಯಾವ ತಾಲೂಕಿನದು ಎಂದು ನನ್ನ ನೆನಪಿನಿಂದಲೇ ಹಂಚಿದೆ. ಹಿರೇಕೆರೂರಿನ ಹೆಸರುಗಳು ಬಂದಾಗ ನಾದಿನಿ ಪರದೆಯಿಂದ ಮುಖ ತಿರುಗಿಸುತ್ತಿದ್ದಳು, ಆಗ ನಾನು ಬೇಗ ಬೇಗ ಕೆಳಕ್ಕೆ ಹೋಗುತ್ತಿದ್ದೆ. ಎಲ್ಲ ಮುಗಿದ ಮೇಲೆ ನಾಲ್ಕರದೂ ಒಂದೊಂದು ಪ್ರತಿಯನ್ನು ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡು, ಹೊಸ ಪ್ರೋಗ್ರಾಮಿನ ಪದಕೋಶಗಳ ಪಟ್ಟಿಯಲ್ಲಿ ಅವುಗಳ ಮುಂದೆ ಒಂದೊಂದಾಗಿ ಟಿಕ್ ಹಾಕಿ ತೋರಿಸಿದೆ. ಅವಳಿಗೆ ಎಲ್ಲ ಹೇಳಿಕೊಟ್ಟೆ. ಬಚ್ಚಿಟ್ಟುಕೊಳ್ಳಲು ಅವಳೇನು ಹೊರಗಿನವಳೇ?

ಶಿಗ್ಗಾಂವಿಯ ಅಂಗಡಿಯ ಪೂಜೆಯ ದಿನ ಇಳಕಲ್ ಸೀರೆ ಉಟ್ಟು ಹೋದೆ. ಪರದೆಗೆ ಕುಂಕುಮ ಹಚ್ಚಿದ್ದರು. ತಿರುಗುವ ಕುರ್ಚಿ ಬಂದಿತ್ತು, ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆಯನ್ನು ಯಾರ ಕೈಗೆ ಕೊಟ್ಟು ಕೂರಲಿ ಎಂದು ಸುತ್ತ ನೋಡುತ್ತಿರುವಾಗ ನನ್ನ ಗಂಡ ತಂಗಿಯ ಕಡೆ ತಿರುಗಿ, "ಕುಂದ್ರವಾ, ಹೊತ್ತಾಗ್ತದ, ಮೊದಲ ಅಕ್ಷರ ನೀ ಹೊಡಿ" ಎಂದರು. ಅವಳು ಕೂತಳು. ನನ್ನ ಕಡೆ ನೋಡಲಿಲ್ಲ.

ಪೂಜೆಗೆ ಮಾತ್ರ ಇರಬೇಕು ಎಂದುಕೊಂಡೆ. ಮನಸ್ಸು ಎಷ್ಟು ಸುಳ್ಳು ಹೇಳುತ್ತದೆ ನೋಡಿ. ಬಂದ ನೆಂಟರೊಬ್ಬರು ತಮ್ಮ ಹೆಸರು ಹೊಡೆಸಿ, ಗೆರೆ ಬರದ್ದು ಕಂಡು, "ಭಾರಿ ಶಾಣ್ಯಾ ಐತ್ರಿ ನಿಮ್ಮ ಮಷಿನ್ನು" ಎಂದರು. ನನ್ನ ಗಂಡ ನಗುತ್ತ, "ನಾಕೂ ತಾಲೂಕಿನ ಮಂದೀನ ತುಂಬೀನ್ರಿ ಅದರಾಗ" ಎಂದರು. ತುಂಬೀನಿ! ನನ್ನ ಎದುರಿಗೇ! ಎರಡು ಬೆರಳಿನ ಮನುಷ್ಯ! ನಾನು ತಟ್ಟೆ ಕೆಳಗಿಟ್ಟು ಪೇಡೆಯ ಡಬ್ಬಿ ತೆಗೆದುಕೊಂಡು ಹಂಚಲು ಹೋದೆ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ, ಬಂಕಾಪುರ ದಾಟಿದ ಮೇಲೆ, ಅವರು ಬಾಯಿ ಬಿಟ್ಟರು.

"ಅಕೀಗೆ ಸವಣೂರಿಂದ ಶಿಗ್ಗಾಂವಿ ಹತ್ತರ. ನಿನಗ ದಿನಾ ಬಸ್ಸು, ನಡಾ ನೋವು, ಇಲ್ಲೆ ಅವ್ವನ್ನ ನೋಡ್ಕೊಳ್ಳೋರಿಲ್ಲ. ನಿನಗ ಇನ್ನರ ಆರಾಮ ಆಗ್ಲಿ. ನಿನ್ನ ತಲ್ಯಾಗ ಇದ್ದದ್ದೆಲ್ಲಾ ಅದರಾಗ ಬಂತಲ್ಲ ಈಗ."

"ನಾ ಹಾನಗಲ್ಲಿನ ಅಂಗಡ್ಯಾಗ ಕುಂದ್ರತೇನಿ ಹಂಗಾರ" ಎಂದೆ.

ಅವರು ಕಿಟಕಿಯ ಕಡೆ ನೋಡಿದರು. "ಅದನ್ನ ಮೊಬೈಲ್ ಅಂಗಡಿಯವನಿಗೆ ಬಿಟ್ಟಕೊಟ್ಟೇನಿ. ಒಂದನೇ ತಾರೀಖಿಂದ ಅವಂದ."

ಅಂದರೆ ನಾನು ಪದಗಳನ್ನು ಒಂದೊಂದಾಗಿ ಹಂಚುತ್ತಿದ್ದ ಆ ದಿನಗಳಲ್ಲಿ ಮಾತು ಮುಗಿದೇಹೋಗಿತ್ತು. ನನ್ನ ಪಕ್ಕದಲ್ಲಿ ನಿಂತು, "ಎಲ್ಲಾ ಬಂತಿಲ್ಲೋ, ಏನರ ಉಳೀತೇನು?" ಎಂದು ಕೇಳುತ್ತಿದ್ದರಲ್ಲ, ಆಗ ನನಗೆ ಅದು ಕಾಳಜಿ ಎನಿಸಿತ್ತು. ಹಾನಗಲ್ಲು ಬರುವವರೆಗೆ ಪಕ್ಕದಲ್ಲಿ ಕೂತವರು ಯಾರೋ ಬೇರೆ ಎನಿಸುತ್ತಿತ್ತು.

ಗಂಡನ ಮೇಲಿನ ಸಿಟ್ಟನ್ನು ಹೇಗೋ ನುಂಗಬಹುದಿತ್ತು. ಗಂಡಸರು ಹೀಗೆ ಎಂದು ಅತ್ತ ನೂಕಿ ಬದುಕುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನುಂಗಲಾರದ್ದು ನಾದಿನಿಯದು. ವಾರದ ಮೇಲೆ ಅವಳು ಫೋನ್ ಮಾಡಿದಳು, ಒಂದು ಫೈಲಿನ ಟಿಕ್ ಹೋಗಿದೆ, ಸವಣೂರಿನವರ ಹೆಸರಿಗೆಲ್ಲ ಗೆರೆ ಬರುತ್ತಿದೆ ಎಂದು. ಎಲ್ಲಿ ಟಿಕ್ ಹಾಕಬೇಕೆಂದು ಹೇಳಿದೆ. ಆಮೇಲೆ ಕೇಳಿದೆ, "ನಿನಗ ಮೊದಲ ಗೊತ್ತಿತ್ತೇನು?"

"ಅಣ್ಣ ಹೇಳಿದ್ದ, ವೈನಿ. ನಿಮಗ ಹೇಳಬ್ಯಾಡ ಅಂದಿದ್ದ."

"ನನ್ನ ಡಬ್ಬ್ಯಾಗಿನ ಅನ್ನ ಉಣ್ಣೂಮುಂದೂ ಗೊತ್ತಿತ್ತು?"

ಅವಳು ಫೋನ್ ಇಟ್ಟಳು.

ಮನೆಯ ಆರಾಮ ಎಂದರೇನೆಂದು ಆಮೇಲೆ ಗೊತ್ತಾಯಿತು. ಕಸ ಹೊಡೆದ ಮೇಲೆ ಮತ್ತೊಮ್ಮೆ ಕಸ ಹೊಡೆಯುವುದು. ಸಂತೆಯಲ್ಲಿ ಯಾರಾದರೂ ಹಳೆಯ ಗಿರಾಕಿ ಸಿಕ್ಕು, "ಅಕ್ಕಾರ, ಎಲ್ಲಿಗೆ ಹೋದ್ರಿ?" ಎಂದರೆ, ಮೆಣಸಿನಕಾಯಿ ಆರಿಸುವ ನೆಪದಲ್ಲಿ ಬಗ್ಗುವುದು. ಅತ್ತೆಗೆ ಮಾತ್ರ ನನ್ನ ಸಂಕಟ ಅರ್ಥವಾಗಿತ್ತೋ ಏನೋ, "ಹೊರಗ ಹೋಗಿ ಬಾರವಾ ಒಂದ್ಸಲ, ಮಾರಿ ಎಷ್ಟ ಸಣ್ಣ ಮಾಡ್ಕೊಂಡೀ" ಎನ್ನುತ್ತಿದ್ದರು. ಎಲ್ಲಿಗೆ ಹೋಗಲಿ?

ಮಳೆಗಾಲ ಶುರುವಾಗುವ ಹೊತ್ತಿಗೆ ಶಿಗ್ಗಾಂವಿಯ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಪ್ರೋಗ್ರಾಮು ಬಂತು, ನನ್ನ ನಾಲ್ಕು ಫೈಲು ಹೋದವು. ಪರದೆ ತುಂಬ ಕೆಂಪು, ಒಂದೊಂದೇ ಸೇರಿಸುತ್ತ ಕೂತರೆ ಮುಗಿಯುವಂಥದ್ದಲ್ಲ. ಲಗ್ನಪತ್ರಿಕೆಗೆ ಬಂದವರು ಎದ್ದು ಹೋಗತೊಡಗಿದರು. ನನ್ನ ಗಂಡ ಮಧ್ಯಾಹ್ನವೇ ಫೋನ್ ಮಾಡಿ, "ನಿನ್ನ ಪೆನ್‌ಡ್ರೈವ್ ಐತಲ್ಲ, ಅದನ್ನ ಬಸ್ಸಿನ ಕಂಡಕ್ಟರ್ ಕಡೆ ಕೊಟ್ಟ ಕಳಿಸು" ಎಂದರು.

"ಕಳಿಸಂಗಿಲ್ಲ, ನಾನ ಬರ್ತೇನಿ" ಎಂದೆ.

ಯಾಕೆ ಹೋದೆ? ನನಗೆ ಆಸೆ ಇತ್ತು, ಅದನ್ನೇಕೆ ಮುಚ್ಚಿಡಲಿ. ಅವರ ಕೈಯಲ್ಲಿ ಆಗದ್ದನ್ನು ನಾನು ಹೋಗಿ ಮಾಡಿದರೆ, ಅಲ್ಲಿ ಕೂತವರೆಲ್ಲರ ಎದುರಿಗೆ ಮಾಡಿದರೆ, ಒಂದು ಮಾತು ಬರಬಹುದು ಎಂಬ ಆಸೆ. ತಲೆ ಬಾಚಿಕೊಂಡು, ಇದ್ದುದರಲ್ಲಿ ಚೆಂದದ ಸೀರೆ ಉಟ್ಟು ಹೊರಟೆ. ಬಸ್ಸಿನಲ್ಲಿ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತ ಕೂತಿದ್ದೆ.

ಅಂಗಡಿಯಲ್ಲಿ ಬೆಂಚು ತುಂಬಿತ್ತು. ನಾದಿನಿ ನನ್ನನ್ನು ಕಂಡ ಕೂಡಲೇ ಎದ್ದು ಪಕ್ಕಕ್ಕೆ ನಿಂತಳು. ನಾನು ಕೂತೆ. ಕುರ್ಚಿ ನನ್ನ ಎತ್ತರಕ್ಕಿರಲಿಲ್ಲ, ಕೆಳಗಿನ ಹಿಡಿಕೆ ಎಳೆದು ಸರಿ ಮಾಡಿಕೊಂಡೆ. ಫೋಲ್ಡರು ಹುಡುಕಿ, ನಾಲ್ಕೂ ಫೈಲು ಹಾಕಿ, ಟಿಕ್ ಮಾಡಿ, ಪ್ರೋಗ್ರಾಮು ಮುಚ್ಚಿ ತೆಗೆದೆ. ಅರ್ಧಕ್ಕೆ ನಿಂತಿದ್ದ ಒಂದು ಲಗ್ನಪತ್ರಿಕೆ ತೆರೆದುಕೊಂಡಿತು. ಒಂದು ಬಿಟ್ಟು ಉಳಿದ ಗೆರೆಗಳೆಲ್ಲ ಹೋಗಿದ್ದವು. ಹೊಸ ಹೆಸರು ಒಂದಿತ್ತು, ಮದುಮಗನದು, ಅದನ್ನೂ ಸೇರಿಸಿದೆ. ಸ್ಟೂಲಿನ ಮೇಲಿದ್ದ ಹೆಂಗಸು, "ಹಾಂ, ಈಗ ಬರೋಬ್ಬರಿ ಆತ ನೋಡ್ರಿ" ಎಂದಳು. ಉಳಿದದ್ದನ್ನೂ ಮುಗಿಸಿಕೊಡೋಣ ಎಂದು ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡೆ. ಎಷ್ಟು ದಿನವಾಗಿತ್ತು, ಬೆರಳು ತಾವೇ ಓಡಿದವು. ಬೆಂಚಿನ ಮೇಲಿದ್ದವರೊಬ್ಬರು ಕಾಗದ ಹಿಡಿದು ಮುಂದೆ ಬಂದರು, ನಾನು ಕೈ ಚಾಚಿದೆ.

ನನ್ನ ಗಂಡ ಗಲ್ಲಾದ ಹಿಂದಿನಿಂದಲೇ ಹೇಳಿದರು, ನನಗಲ್ಲ, ಅವರಿಗೆ. "ಸ್ವಲ್ಪ ತಡೀರಿ. ಇಕಿ ಎದ್ದ ಮ್ಯಾಲೆ ಮಾಡಿಕೊಡ್ತೇವಿ."

ಕಾಗದ ಹಿಡಿದವರು ಹಿಂದೆ ಸರಿದರು. ನಾನು ನಾದಿನಿಯನ್ನು ನೋಡಿದೆ. ಅವಳು ಒಂದೇ ಒಂದು ಮಾತು, ವೈನಿ ಇರ್ಲಿ ಬಿಡೋ ಅಣ್ಣ ಎಂದು ಒಂದು ಸುಳ್ಳು ಮಾತಾದರೂ ಆಡಿದ್ದರೆ, ನಾನೇ ನಗುನಗುತ್ತ ಎದ್ದು ಅವಳ ಕೈ ಹಿಡಿದು ಕೂರಿಸುತ್ತಿದ್ದೆ. ಅವಳು ಬಾಗಿಲ ಕಡೆ ನೋಡುತ್ತ ಕಾಯುತ್ತಿದ್ದಳು.

ನಾನು ಎದ್ದೆ. ನಾನು ಚಪ್ಪಲಿ ಮೆಟ್ಟಿಕೊಳ್ಳುವ ಮೊದಲೇ ಅವಳು ಕೂತಿದ್ದಳು.